3 ವರ್ಷ ಅಂಗಳದಲ್ಲಿ, 12 ವರ್ಷ ಆಸ್ಪತ್ರೆಯಲ್ಲಿ: ಬಾಸ್ಕೆಟ್‌ಬಾಲ್ ತಾರೆ ಮೌರಿಸ್ ಸ್ಟೋಕ್ಸ್ ಮತ್ತು ಕೈಬಿಡದ ಜೊತೆಗಾರ

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪ್ರತಿ ವರ್ಷ ಬೇರೆ ಬೇರೆ ಪ್ರಶಸ್ತಿ ಕೊಡುತ್ತೆ. ಚೆನ್ನಾಗಿ ಆಡಿದವನಿಗೆ ಒಂದು, ಹೊಸಬರಲ್ಲಿ ಮಿಂಚಿದವನಿಗೆ ಒಂದು, ಎದುರಾಳಿಯನ್ನು ತಡೆಯುವುದರಲ್ಲಿ ಗಟ್ಟಿಗನಾದವನಿಗೆ ಇನ್ನೊಂದು. ಇವುಗಳ ನಡುವೆ ಒಂದು ಪ್ರಶಸ್ತಿ ಮಾತ್ರ ಬೇರೆ ಥರ. ಅದಕ್ಕೆ ಎಷ್ಟು ಪಾಯಿಂಟ್ ಹೊಡೆದ ಅನ್ನೋ ಲೆಕ್ಕ ಇಲ್ಲ. ತಂಡದಲ್ಲಿ ಒಳ್ಳೆಯ ಜೊತೆಗಾರ ಯಾರು ಅಂತ ಆಟಗಾರರೇ ಓಟು ಹಾಕಿ ಆರಿಸುತ್ತಾರೆ. ಅದರ ಹೆಸರು ಟ್ವೈಮನ್–ಸ್ಟೋಕ್ಸ್ ಪ್ರಶಸ್ತಿ.

ಈ ಎರಡು ಹೆಸರಿನಲ್ಲಿ ಸ್ಟೋಕ್ಸ್ ಅಂದರೆ ಮೌರಿಸ್ ಸ್ಟೋಕ್ಸ್. ಎನ್‌ಬಿಎಯಲ್ಲಿ ಆಡಿದ್ದು ಮೂರೇ ಮೂರು ಸೀಸನ್. 24ನೇ ವಯಸ್ಸಿಗೆ ಹಾಸಿಗೆ ಹಿಡಿದರು, 36ನೇ ವಯಸ್ಸಿಗೆ ತೀರಿಕೊಂಡರು. ಟ್ವೈಮನ್ ಅಂದರೆ ಜ್ಯಾಕ್ ಟ್ವೈಮನ್, ಅದೇ ತಂಡದ ಇನ್ನೊಬ್ಬ ಆಟಗಾರ. ಆ 12 ವರ್ಷ ಸ್ಟೋಕ್ಸ್ ಅವರ ಆಸ್ಪತ್ರೆ, ದುಡ್ಡು, ಕಾಗದಪತ್ರ ಎಲ್ಲದರ ಹೊಣೆ ಹೊತ್ತವರು.

ಉಕ್ಕಿನ ಕಾರ್ಖಾನೆ ಪಕ್ಕದ ಹುಡುಗ

ಮೌರಿಸ್ ಸ್ಟೋಕ್ಸ್ ಹುಟ್ಟಿದ್ದು 1933ರ ಜೂನ್ 17ರಂದು, ಪೆನ್ಸಿಲ್ವೇನಿಯಾ ರಾಜ್ಯದ ರ‍್ಯಾಂಕಿನ್ ಎಂಬ ಸಣ್ಣ ಊರಿನಲ್ಲಿ. ಪಿಟ್ಸ್‌ಬರ್ಗ್ ನಗರಕ್ಕೆ ಅಂಟಿಕೊಂಡ ಊರದು. ಆಗ ಪಿಟ್ಸ್‌ಬರ್ಗ್ ಅಂದರೆ ಉಕ್ಕು, ಉಕ್ಕು ಅಂದರೆ ಪಿಟ್ಸ್‌ಬರ್ಗ್. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕ, ಅಮ್ಮ ಬೇರೆಯವರ ಮನೆಯಲ್ಲಿ ಮನೆಗೆಲಸ. ಕಪ್ಪು ಜನಾಂಗದ ಕುಟುಂಬ, ದುಡಿದರೆ ಮಾತ್ರ ಊಟ ಅನ್ನೋ ಪರಿಸ್ಥಿತಿ. ಹುಡುಗನಿಗೆ 8 ವರ್ಷ ಆದಾಗ ಮನೆಯವರು ಪಿಟ್ಸ್‌ಬರ್ಗ್‌ನ ಹೋಮ್‌ವುಡ್ ಬಡಾವಣೆಗೆ ಬಂದು ನೆಲೆಸಿದರು.

ಓದಿದ್ದು ವೆಸ್ಟಿಂಗ್‌ಹೌಸ್ ಹೈಸ್ಕೂಲಿನಲ್ಲಿ. 1950ರಲ್ಲಿ ಎನ್‌ಬಿಎಗೆ ಕಾಲಿಟ್ಟ ಮೊದಲ ಕಪ್ಪು ಆಟಗಾರರಲ್ಲಿ ಒಬ್ಬರಾದ ಚಕ್ ಕೂಪರ್ ಓದಿದ್ದೂ ಅದೇ ಶಾಲೆ. ಹಾಗಂತ ಸ್ಟೋಕ್ಸ್‌ಗೆ ಶಾಲೆ ತಂಡದಲ್ಲಿ ಸುಲಭವಾಗಿ ಜಾಗ ಸಿಗಲಿಲ್ಲ. ಮೊದಲ ವರ್ಷಗಳಲ್ಲಿ ಬೆಂಚಿನ ಮೇಲೇ ಹೆಚ್ಚು ಕೂರಬೇಕಾಯಿತು. ಜಾಗ ಸಿಕ್ಕ ಮೇಲೆ ಮಾತ್ರ ಬಿಟ್ಟುಕೊಡಲಿಲ್ಲ. 1950 ಮತ್ತು 1951ರಲ್ಲಿ ವೆಸ್ಟಿಂಗ್‌ಹೌಸ್ ತಂಡ ನಗರ ಚಾಂಪಿಯನ್ ಆಯಿತು.

ದೊಡ್ಡ ಹೆಸರಿನ ಕಾಲೇಜಿಗೇನೂ ಸ್ಟೋಕ್ಸ್ ಹೋಗಲಿಲ್ಲ. ಅದೇ ರಾಜ್ಯದ ಲೊರೆಟ್ಟೊ ಎಂಬ ಬೆಟ್ಟದ ಊರಿನಲ್ಲಿ ಕ್ರೈಸ್ತ ಸನ್ಯಾಸಿಗಳು ನಡೆಸುತ್ತಿದ್ದ ಸೇಂಟ್ ಫ್ರಾನ್ಸಿಸ್ ಕಾಲೇಜು ಸೇರಿಕೊಂಡರು. ಚಿಕ್ಕ ಕಾಲೇಜು. ಅಂಥ ಕಾಲೇಜಿನ ತಂಡವನ್ನು 1955ರಲ್ಲಿ ನ್ಯೂಯಾರ್ಕ್‌ನ ಪ್ರತಿಷ್ಠಿತ ಎನ್‌ಐಟಿ ಟೂರ್ನಿಯ ಸೆಮಿಫೈನಲ್‌ವರೆಗೆ ಕರೆದುಕೊಂಡು ಹೋದರು. ತಂಡ ಬಂದಿದ್ದು ನಾಲ್ಕನೇ ಸ್ಥಾನ, ಆದರೆ ಟೂರ್ನಿಯ ಶ್ರೇಷ್ಠ ಆಟಗಾರ ಅಂತ ಆಯ್ಕೆ ಆಗಿದ್ದು ಸ್ಟೋಕ್ಸ್. ಗೆದ್ದ ತಂಡದವರನ್ನು ಬಿಟ್ಟು ನಾಲ್ಕನೇ ತಂಡದವರಿಗೆ ಈ ಗೌರವ ಸಿಗೋದು ಅಪರೂಪ.

ಮೊದಲ ದಿನವೇ ಅಬ್ಬರ

1955ರಲ್ಲಿ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ರಾಚೆಸ್ಟರ್ ರಾಯಲ್ಸ್ ತಂಡ ಸ್ಟೋಕ್ಸ್ ಅವರನ್ನು ಎರಡನೆಯವರಾಗಿ ಆರಿಸಿಕೊಂಡಿತು. ಅದೇ ವರ್ಷ ಎರಡನೇ ಸುತ್ತಿನಲ್ಲಿ ಅದೇ ತಂಡ ಸಿನ್ಸಿನಾಟಿ ವಿಶ್ವವಿದ್ಯಾಲಯದ ಬಿಳಿಯ ಹುಡುಗ ಜ್ಯಾಕ್ ಟ್ವೈಮನ್ ಅವರನ್ನೂ ತೆಗೆದುಕೊಂಡಿತು. ಟ್ವೈಮನ್ ಕೂಡ ಪಿಟ್ಸ್‌ಬರ್ಗ್‌ನವರೇ. ಹುಡುಗರಾಗಿದ್ದಾಗಲೇ ಇಬ್ಬರಿಗೂ ಆಟದ ಅಂಗಳದಲ್ಲಿ ಮುಖಪರಿಚಯ ಇತ್ತು.

ಸ್ಟೋಕ್ಸ್ ಎತ್ತರ 6 ಅಡಿ 7 ಇಂಚು, ತೂಕ ಸುಮಾರು 105 ಕೆಜಿ. ಅಷ್ಟು ದೊಡ್ಡ ಆಳು ಬುಟ್ಟಿಯ ಕೆಳಗೆ ನಿಂತು ಚೆಂಡು ಕಿತ್ತುಕೊಳ್ಳೋದು ಸಹಜ. ಆದರೆ ಕಿತ್ತುಕೊಂಡ ಚೆಂಡನ್ನು ಸಣ್ಣ ಆಳಿನ ಥರ ತಾನೇ ಪುಟಿಸುತ್ತಾ ಇಡೀ ಅಂಗಳ ಓಡಿ, ಕೊನೆಗೆ ಜೊತೆಗಾರನಿಗೆ ಸರಿಯಾದ ಜಾಗಕ್ಕೆ ಪಾಸ್ ಕೊಡೋದನ್ನು ಆ ಕಾಲದ ಜನ ಹೆಚ್ಚು ನೋಡಿರಲಿಲ್ಲ. ಮೊದಲ ಪಂದ್ಯದಲ್ಲೇ 32 ಪಾಯಿಂಟ್, 20 ರಿಬೌಂಡ್, 8 ಅಸಿಸ್ಟ್. ರಿಬೌಂಡ್ ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಎಲ್ಲರಿಗಿಂತ ಮೊದಲು ಹಿಡಿಯೋದು. ಅಸಿಸ್ಟ್ ಅಂದರೆ ಜೊತೆಗಾರ ಪಾಯಿಂಟ್ ಗಳಿಸುವ ಹಾಗೆ ಚೆಂಡು ಒದಗಿಸೋದು.

ಆ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 16.8 ಪಾಯಿಂಟ್, 16.3 ರಿಬೌಂಡ್. ರಿಬೌಂಡ್‌ನಲ್ಲಿ ಇಡೀ ಲೀಗ್‌ಗೇ ಮೊದಲಿಗರು. ಒಂದೇ ಪಂದ್ಯದಲ್ಲಿ 38 ರಿಬೌಂಡ್ ಹಿಡಿದದ್ದೂ ಉಂಟು. ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವರಿಗೇ ಬಂತು. ಮುಂದಿನ ಸೀಸನ್‌ನಲ್ಲಿ ಒಟ್ಟು 1,256 ರಿಬೌಂಡ್ ಹಿಡಿದು ಲೀಗ್‌ನ ಹೊಸ ದಾಖಲೆ ಬರೆದರು.

ಸ್ಟೋಕ್ಸ್ ಮೇಲೆ ತಂಡಕ್ಕೆ ಎಷ್ಟು ನಂಬಿಕೆ ಇತ್ತು ಅನ್ನೋದಕ್ಕೆ ಒಂದು ಉದಾಹರಣೆ. 1956ರಲ್ಲಿ ಹೊಸಬರನ್ನು ಆರಿಸುವ ಮೊದಲ ಅವಕಾಶ ರಾಯಲ್ಸ್‌ಗೆ ಸಿಕ್ಕಿತ್ತು. ಬಿಲ್ ರಸೆಲ್ ಕಣ್ಣ ಮುಂದೆ ಇದ್ದರು. ಆದರೂ ಅವರನ್ನು ಬಿಟ್ಟರು. ದುಡ್ಡಿನ ಲೆಕ್ಕಾಚಾರವೂ ಇತ್ತು, ಜೊತೆಗೆ ರಿಬೌಂಡ್ ಹಿಡಿಯೋಕೆ ಸ್ಟೋಕ್ಸ್ ಇದ್ದಾರಲ್ಲ ಅನ್ನೋ ಧೈರ್ಯವೂ ಇತ್ತು. ಆ ರಸೆಲ್ ಮುಂದೆ ಬೋಸ್ಟನ್ ತಂಡಕ್ಕೆ 11 ಬಾರಿ ಚಾಂಪಿಯನ್ ಪಟ್ಟ ಗೆಲ್ಲಿಸಿಕೊಟ್ಟರು.

ಮೂರು ಸೀಸನ್‌ಗಳಲ್ಲಿ ಸ್ಟೋಕ್ಸ್ ಆಡಿದ್ದು 202 ಪಂದ್ಯ. ಮೂರೂ ವರ್ಷ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆ. ಆ ಮೂರು ವರ್ಷದ ಒಟ್ಟು ಲೆಕ್ಕ ತೆಗೆದರೆ ರಿಬೌಂಡ್‌ನಲ್ಲಿ 3,492ರೊಂದಿಗೆ ಎಲ್ಲರಿಗಿಂತ ಮೇಲೆ. ಅಸಿಸ್ಟ್‌ನಲ್ಲಿ 1,062ರೊಂದಿಗೆ ಬಾಬ್ ಕೌಸಿ ಬಿಟ್ಟರೆ ಇವರೇ. ಶಕ್ತಿ ಬೇಕಾದ ಕೆಲಸದಲ್ಲೂ, ಚುರುಕು ಬೇಕಾದ ಕೆಲಸದಲ್ಲೂ ಒಬ್ಬನೇ ಮುಂದೆ. 1957ರಲ್ಲಿ ತಂಡ ರಾಚೆಸ್ಟರ್ ಬಿಟ್ಟು ಸಿನ್ಸಿನಾಟಿ ನಗರಕ್ಕೆ ಹೋಯಿತು. ಟ್ವೈಮನ್‌ಗೆ ಅದು ಕಾಲೇಜು ಓದಿದ ಊರು, ಸ್ಟೋಕ್ಸ್‌ಗೆ ಹೊಸ ಊರು.

ಮಾರ್ಚ್ 12ರ ಪೆಟ್ಟು

1958ರ ಮಾರ್ಚ್ 12. ಸೀಸನ್‌ನ ಕೊನೆಯ ಲೀಗ್ ಪಂದ್ಯ, ಎದುರಾಳಿ ಮಿನಿಯಾಪೊಲಿಸ್ ಲೇಕರ್ಸ್, ಅವರದ್ದೇ ಊರಿನಲ್ಲಿ. ಬುಟ್ಟಿಯ ಕಡೆ ನುಗ್ಗಿದ ಸ್ಟೋಕ್ಸ್ ಎದುರಾಳಿಗೆ ತಾಗಿ ಗಾಳಿಯಲ್ಲೇ ಆಯ ತಪ್ಪಿದರು. ತಲೆ ನೆಲಕ್ಕೆ ಬಡಿಯಿತು. ಕೆಲವು ನಿಮಿಷ ಪ್ರಜ್ಞೆ ಇರಲಿಲ್ಲ.

ಮೂಗಿಗೆ ಘಾಟಿನ ಉಪ್ಪು ಹಿಡಿದು ಎಬ್ಬಿಸಿದರು. ಎದ್ದರು. ಮತ್ತೆ ಆಟಕ್ಕೆ ಇಳಿದರು. ಆ ಪಂದ್ಯದಲ್ಲಿ ಅವರ ಲೆಕ್ಕ 24 ಪಾಯಿಂಟ್, 19 ರಿಬೌಂಡ್. ಆಗಿನ ಕಾಲದಲ್ಲಿ ಇದನ್ನು ತಪ್ಪು ಅಂತ ಯಾರೂ ಹೇಳುತ್ತಿರಲಿಲ್ಲ. ಎದ್ದು ನಿಂತ ಮೇಲೆ ಆಟಗಾರ ಸರಿಯಾಗಿದ್ದಾನೆ ಅಂತಲೇ ಲೆಕ್ಕ.

ಮೂರು ದಿನ ಬಿಟ್ಟು, ಮಾರ್ಚ್ 15ರಂದು ಡೆಟ್ರಾಯ್ಟ್‌ನಲ್ಲಿ ಪಿಸ್ಟನ್ಸ್ ವಿರುದ್ಧ ಪ್ಲೇಆಫ್ ಪಂದ್ಯ. ಸ್ಟೋಕ್ಸ್ ಅಲ್ಲೂ ಆಡಿದರು. 12 ಪಾಯಿಂಟ್, 15 ರಿಬೌಂಡ್. ಆದರೆ ಎಂದಿನ ಸ್ಟೋಕ್ಸ್ ಆಗಿರಲಿಲ್ಲ. ಪಂದ್ಯ ಮುಗಿಸಿ ತಂಡ ವಿಮಾನದಲ್ಲಿ ಸಿನ್ಸಿನಾಟಿಗೆ ವಾಪಸ್ ಹೊರಟಾಗ ವಾಂತಿ ಶುರುವಾಯಿತು. ಜೀವ ಹೋಗುತ್ತಿದೆ ಅನ್ನಿಸುತ್ತಿದೆ ಎಂದು ಜೊತೆಗಾರರ ಬಳಿ ಹೇಳಿಕೊಂಡರು. ವಿಮಾನದಲ್ಲೇ ಫಿಟ್ಸ್ ಬಂತು, ಕೋಮಾಕ್ಕೆ ಜಾರಿದರು. ಇಳಿದ ಕೂಡಲೇ ಆಸ್ಪತ್ರೆಗೆ ಸಾಗಿಸಲಾಯಿತು.

ತಲೆಗೆ ಜೋರಾಗಿ ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮಿದುಳು ಅಲುಗಾಡಿ ಮೂಳೆಗೆ ತಾಗುತ್ತೆ. ಹೊರಗೆ ರಕ್ತ ಕಾಣದೇ ಇರಬಹುದು, ಮಾತು ನೆಟ್ಟಗೇ ಇರಬಹುದು. ಒಳಗಿನ ಊತವೋ ರಕ್ತಸ್ರಾವವೋ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಗೊತ್ತಾಗುತ್ತೆ. ಸ್ಟೋಕ್ಸ್ ವಿಷಯದಲ್ಲಿ ದೇಹದ ಚಲನೆ ನಿಯಂತ್ರಿಸುವ ಮಿದುಳಿನ ಭಾಗಕ್ಕೇ ಹಾನಿಯಾಗಿತ್ತು. ಕೋಮಾದಿಂದ ಹೊರಬಂದಾಗ ಕೈಕಾಲು ಆಡುತ್ತಿರಲಿಲ್ಲ, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಬುದ್ಧಿ, ನೆನಪು, ತಿಳಿವಳಿಕೆ ಮಾತ್ರ ಪೂರ್ತಿ ಸರಿಯಾಗಿತ್ತು. ಸುತ್ತ ನಿಂತವರು ಆಡುವ ಪ್ರತಿ ಮಾತೂ ಅರ್ಥ ಆಗುತ್ತಿತ್ತು, ಉತ್ತರ ಕೊಡೋಕೆ ಮಾತ್ರ ಆಗುತ್ತಿರಲಿಲ್ಲ.

ಬಿಲ್ ಕಟ್ಟೋರು ಯಾರು?

ಈಗಿನ ಎನ್‌ಬಿಎ ಆಟಗಾರರ ಸಂಬಳ ಕೋಟಿಗಳ ಲೆಕ್ಕದಲ್ಲಿದೆ. 1958ರಲ್ಲಿ ಹಾಗಿರಲಿಲ್ಲ. ಹೆಚ್ಚಿನ ಆಟಗಾರರು ಸೀಸನ್ ಮುಗಿದ ಮೇಲೆ ಬೇರೆ ಕೆಲಸ ಮಾಡಿ ಮನೆ ನಡೆಸುತ್ತಿದ್ದರು. ಪಿಂಚಣಿ ಇರಲಿಲ್ಲ. ಇಂಥ ದೊಡ್ಡ ಕಾಯಿಲೆಗೆ ಆಗುವ ವೈದ್ಯಕೀಯ ವಿಮೆಯೂ ಇರಲಿಲ್ಲ. ಸೀಸನ್ ಮುಗಿಯಿತು, ತಂಡದ ಸಂಬಳದ ಪಟ್ಟಿಯಿಂದ ಸ್ಟೋಕ್ಸ್ ಹೆಸರೂ ಹೋಯಿತು. ಅದೇ ವರ್ಷ ತಂಡ ಬೇರೆ ಮಾಲೀಕರಿಗೆ ಮಾರಾಟವಾಯಿತು. ಹಳೆ ಆಟಗಾರರಲ್ಲಿ ಬಹುತೇಕರು ದಿಕ್ಕಿಗೊಬ್ಬರಾದರು.

ಆಸ್ಪತ್ರೆ ಖರ್ಚು ವರ್ಷಕ್ಕೆ 1 ಲಕ್ಷ ಡಾಲರ್ ಹತ್ತಿರ ಹೋಗುವ ಲೆಕ್ಕ. ಸ್ಟೋಕ್ಸ್ ಬ್ಯಾಂಕಿನಲ್ಲಿ ಉಳಿಸಿದ್ದ ಹಣ ಅದರ ಮುಂದೆ ಏನೇನೂ ಅಲ್ಲ. ಅದನ್ನೂ ತೆಗೆಯುವ ಹಾಗಿಲ್ಲ! ಖಾತೆ ಅವರ ಹೆಸರಿನಲ್ಲಿದೆ, ಸಹಿ ಹಾಕೋಕೆ ಕೈ ಇಲ್ಲ. ಅಪ್ಪ ಅಮ್ಮ ದೂರದ ಪಿಟ್ಸ್‌ಬರ್ಗ್‌ನಲ್ಲಿ. ಸಿನ್ಸಿನಾಟಿಯಲ್ಲೇ ಇದ್ದು ಆಸ್ಪತ್ರೆ, ಬ್ಯಾಂಕ್, ಕೋರ್ಟ್ ಅಂತ ಓಡಾಡುವವರು ಒಬ್ಬರು ಬೇಕಿತ್ತು.

ವರ್ಷಪೂರ್ತಿ ಅದೇ ಊರಿನಲ್ಲಿ ಇರುತ್ತಿದ್ದವರು ಜ್ಯಾಕ್ ಟ್ವೈಮನ್. ವಯಸ್ಸು 23. ಮದುವೆ ಆಗಿತ್ತು, ಸಂಸಾರ ಶುರುವಾಗಿತ್ತು. ಸೀಸನ್ ಇಲ್ಲದಾಗ ಇನ್ಶೂರೆನ್ಸ್ ಕೆಲಸ ಮಾಡುತ್ತಿದ್ದರು. ಇಬ್ಬರೂ ಒಂದೇ ತಂಡದವರು, ಒಂದೇ ಊರ ಕಡೆಯವರು ನಿಜ, ಆದರೆ ಪ್ರಾಣಸ್ನೇಹಿತರೇನೂ ಆಗಿರಲಿಲ್ಲ. ಆದರೂ ಟ್ವೈಮನ್ ಕೋರ್ಟಿಗೆ ಹೋಗಿ ಸ್ಟೋಕ್ಸ್ ಅವರ ಕಾನೂನುಬದ್ಧ ಪೋಷಕ ಆದರು. ಅಂದರೆ ಸ್ಟೋಕ್ಸ್ ಪರವಾಗಿ ಸಹಿ ಹಾಕುವ ಹಕ್ಕು, ಹಾಗೆಯೇ ಚಿಕಿತ್ಸೆ ನೋಡಿಕೊಳ್ಳುವ ಹೊಣೆ, ಎರಡೂ ಅವರ ಮೇಲೆ.

ಇದು ನಡೆದ ಕಾಲ ಯಾವುದು ಅನ್ನೋದನ್ನೂ ಗಮನಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಕಪ್ಪು ಜನರು ಬಿಳಿಯರ ಹೋಟೆಲಿನಲ್ಲಿ ಕೂತು ಊಟ ಮಾಡುವ ಹಾಗಿರಲಿಲ್ಲ. ಅದನ್ನು ನಿಷೇಧಿಸುವ ನಾಗರಿಕ ಹಕ್ಕು ಕಾಯ್ದೆ ಬಂದಿದ್ದು 1964ರಲ್ಲಿ. ಅದಕ್ಕೂ 6 ವರ್ಷ ಮೊದಲೇ ಒಬ್ಬ ಬಿಳಿಯ ಯುವಕ ಕಪ್ಪು ಜೊತೆಗಾರನಿಗೆ ಕೋರ್ಟಿನ ದಾಖಲೆಯಲ್ಲಿ ಪೋಷಕನಾಗಿ ನಿಂತಿದ್ದ.

ಅರ್ಜಿ, ಅಲೆದಾಟ, ಚಂದಾ

ಟ್ವೈಮನ್ ಮೊದಲು ಹಿಡಿದದ್ದು ಕಾರ್ಮಿಕರ ಪರಿಹಾರದ ದಾರಿ. ಕೆಲಸ ಮಾಡುವಾಗ ಗಾಯಗೊಂಡ ಕಾರ್ಮಿಕನಿಗೆ ಓಹಾಯೊ ರಾಜ್ಯದಲ್ಲಿ ಪರಿಹಾರ ಕೊಡುವ ಕಾನೂನು ಇತ್ತು. ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕರೆ ಅದು ಕೆಲಸದ ಗಾಯ, ಸರಿ. ಚೆಂಡಾಟ ಆಡುತ್ತಾ ಬಿದ್ದರೆ ಅದೂ ಕೆಲಸದ ಗಾಯವೇ? ಸಂಬಳಕ್ಕೆ ಆಡುತ್ತಿದ್ದವರಿಗೆ ಆಟವೇ ಕೆಲಸ ಅನ್ನೋದು ವಾದ. ಹೋರಾಡಿ ಕೊನೆಗೂ ಪರಿಹಾರ ಕೊಡಿಸಿದರು. ಖರ್ಚಿನ ದೊಡ್ಡ ಭಾರ ಇದರಿಂದ ಇಳಿಯಿತು.

ಉಳಿದದ್ದಕ್ಕೆ ಚಂದಾ. ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ ಕುಟ್ಶರ್ಸ್ ಎಂಬ ರೆಸಾರ್ಟ್ ಇತ್ತು. ಅಲ್ಲಿ ಪ್ರತಿ ಬೇಸಿಗೆಯಲ್ಲಿ ಸ್ಟೋಕ್ಸ್ ಸಹಾಯಾರ್ಥ ಪಂದ್ಯ ಶುರುವಾಯಿತು. ಲೀಗ್‌ನ ದೊಡ್ಡ ದೊಡ್ಡ ಆಟಗಾರರು ಬಂದು ಆಡಿದರು. ಒಂದು ಪಂದ್ಯದಲ್ಲಿ 100 ಪಾಯಿಂಟ್ ಹೊಡೆದ ದಾಖಲೆಯ ವಿಲ್ಟ್ ಚೇಂಬರ್ಲಿನ್ ಕೂಡ ಅವರಲ್ಲಿ ಒಬ್ಬರು. ಅವರು ಓದುವ ದಿನಗಳಲ್ಲಿ ಅದೇ ರೆಸಾರ್ಟಿನಲ್ಲಿ ಗಿರಾಕಿಗಳ ಸೂಟ್‌ಕೇಸ್ ಹೊರುವ ಕೆಲಸ ಮಾಡಿದ್ದವರು. ಸ್ಟೋಕ್ಸ್ ತೀರಿಕೊಂಡ ಮೇಲೂ ಈ ಪಂದ್ಯ ನಿಲ್ಲಲಿಲ್ಲ. ಕಷ್ಟದಲ್ಲಿದ್ದ ಬೇರೆ ಹಳೆ ಆಟಗಾರರಿಗೆ ನೆರವಾಗಲು ದಶಕಗಳ ಕಾಲ ನಡೆಯಿತು.

ಇಷ್ಟೆಲ್ಲಾ ಮಾಡುತ್ತಾ ಟ್ವೈಮನ್ ತಮ್ಮ ಆಟ ಬಿಡಲಿಲ್ಲ. ಸ್ಟೋಕ್ಸ್ ಇಲ್ಲದ ರಾಯಲ್ಸ್ 1958–59ರಲ್ಲಿ 72 ಪಂದ್ಯಗಳಲ್ಲಿ ಗೆದ್ದದ್ದು ಬರೀ 19. ಅಂಥ ತಂಡದಲ್ಲಿ ಇದ್ದುಕೊಂಡೇ 1959–60ರಲ್ಲಿ ಟ್ವೈಮನ್ ಪಂದ್ಯಕ್ಕೆ ಸರಾಸರಿ 31.2 ಪಾಯಿಂಟ್ ಹೊಡೆದರು. ಎನ್‌ಬಿಎಯಲ್ಲಿ ಸರಾಸರಿ 30 ದಾಟಿದ ಮೊದಲಿಗರು ಅದೇ ಸೀಸನ್‌ನ ಚೇಂಬರ್ಲಿನ್ ಮತ್ತು ಟ್ವೈಮನ್.

ಕಣ್ಣು ಮಿಟುಕಿಸಿ ಮಾತು

ಆಸ್ಪತ್ರೆ ಹಾಸಿಗೆಯಲ್ಲಿ ಮಾತು ನಡೆಯುತ್ತಿದ್ದ ರೀತಿಯೇ ಬೇರೆ. ಟ್ವೈಮನ್ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ ಹೋಗಬೇಕು. ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ಕಣ್ಣು ಮಿಟುಕಿಸಬೇಕು. ಆ ಅಕ್ಷರ ಬರೆದುಕೊಂಡು ಮತ್ತೆ ಮೊದಲಿನಿಂದ. ಹೀಗೆ ಅಕ್ಷರ ಸೇರಿ ಪದ, ಪದ ಸೇರಿ ವಾಕ್ಯ. ಒಂದು ಸಣ್ಣ ವಿಷಯ ಹೇಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಅಂತ ಯಾರಾದರೂ ಊಹಿಸಬಹುದು.

ಸ್ಟೋಕ್ಸ್ ಕೈಚೆಲ್ಲಿ ಮಲಗಲಿಲ್ಲ. ವ್ಯಾಯಾಮ ಚಿಕಿತ್ಸೆ ವರ್ಷಗಟ್ಟಲೆ ನಡೆಯಿತು. ಒಂದು ಪಂದ್ಯದಲ್ಲಿ 38 ಬಾರಿ ಚೆಂಡು ಕಿತ್ತುಕೊಂಡ ಕೈ, ಒಂದು ಬೆರಳು ಅಲುಗಿಸಲು ತಿಂಗಳುಗಟ್ಟಲೆ ಬೆವರು ಹರಿಸಿತು. ಕ್ರಮೇಣ ಬೆರಳುಗಳಿಗೆ ಸ್ವಲ್ಪ ಚಲನೆ ಬಂತು. ಟೈಪ್‌ರೈಟರ್ ಕೀಲಿ ಒತ್ತುವಷ್ಟಾಯಿತು. ಆಗ ಮೊದಲು ಟೈಪ್ ಮಾಡಿದ್ದೇ ಟ್ವೈಮನ್‌ಗೆ ಕೃತಜ್ಞತೆ ಹೇಳುವ ಮಾತು. ಸಾಧ್ಯವಾದಾಗ ಭಾನುವಾರಗಳಲ್ಲಿ ಟ್ವೈಮನ್ ಮನೆಗೆ ಕರೆದುಕೊಂಡು ಬರುತ್ತಿದ್ದರು. ಅವರ ಪತ್ನಿ, ಮಕ್ಕಳಿಗೆಲ್ಲಾ ಸ್ಟೋಕ್ಸ್ ಮನೆಯವರೇ ಆಗಿಬಿಟ್ಟಿದ್ದರು.

ಟ್ವೈಮನ್ 1966ರಲ್ಲಿ ಆಟದಿಂದ ನಿವೃತ್ತರಾದರು. ಪೋಷಕನ ಕೆಲಸಕ್ಕೆ ಮಾತ್ರ ನಿವೃತ್ತಿ ಇರಲಿಲ್ಲ. 1970ರ ಏಪ್ರಿಲ್ 6ರಂದು ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ಸ್ಟೋಕ್ಸ್ ಕೊನೆಯುಸಿರೆಳೆದರು. ಅವರ ಆಸೆಯಂತೆಯೇ ಲೊರೆಟ್ಟೊದಲ್ಲಿ, ತಾವು ಓದಿದ ಕಾಲೇಜಿನ ಆವರಣದಲ್ಲಿರುವ ಸನ್ಯಾಸಿಗಳ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು.

ತಡವಾಗಿ ಬಂದ ಗೌರವ

1973ರಲ್ಲಿ ಇವರಿಬ್ಬರ ಬದುಕಿನ ಮೇಲೆ ‘ಮೌರಿ’ ಅನ್ನೋ ಸಿನಿಮಾ ಬಂತು. ಸ್ಟೋಕ್ಸ್ ಪಾತ್ರ ಮಾಡಿದ್ದು ಬರ್ನಿ ಕೇಸಿ. ಟ್ವೈಮನ್ 1983ರಲ್ಲೇ ಬಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಸ್ಟೋಕ್ಸ್ ಹೆಸರು ಸೇರಿದ್ದು 2004ರಲ್ಲಿ, ಅಂದರೆ ತೀರಿಕೊಂಡು 34 ವರ್ಷದ ಮೇಲೆ. ಮೂರೇ ವರ್ಷ ಆಡಿದವರನ್ನು ಸೇರಿಸಬೇಕೇ ಅನ್ನೋ ಪ್ರಶ್ನೆಯೇ ಅಷ್ಟು ವರ್ಷ ಎಳೆದಿತ್ತು. ಆ ದಿನ ಸ್ಟೋಕ್ಸ್ ಪರವಾಗಿ ವೇದಿಕೆ ಹತ್ತಿ ಗೌರವ ಸ್ವೀಕರಿಸಿದ್ದು 70 ವರ್ಷದ ಟ್ವೈಮನ್. 2012ರಲ್ಲಿ ಅವರೂ ಹೋದರು. ಮರುವರ್ಷ ಎನ್‌ಬಿಎ ಇಬ್ಬರ ಹೆಸರಿನಲ್ಲಿ ಜೊತೆಗಾರ ಪ್ರಶಸ್ತಿ ಆರಂಭಿಸಿತು. ಮೊದಲು ಪಡೆದವರು ಚಾನ್ಸಿ ಬಿಲಪ್ಸ್.

ಸ್ಟೋಕ್ಸ್‌ಗೆ ಇಲ್ಲದ್ದು ಮುಂದಿನವರಿಗೆ ಸುಮ್ಮನೆ ಸಿಗಲಿಲ್ಲ, ಕೇಳಿ ಪಡೆಯಬೇಕಾಯಿತು. 1964ರ ಜನವರಿಯಲ್ಲಿ ಬೋಸ್ಟನ್‌ನ ಆಲ್‌ಸ್ಟಾರ್ ಪಂದ್ಯದ ದಿನ ಪಿಂಚಣಿ ಭರವಸೆ ಕೊಡೋವರೆಗೂ ಅಂಗಳಕ್ಕೆ ಇಳಿಯಲ್ಲ ಅಂತ ಆಟಗಾರರು ಪಟ್ಟು ಹಿಡಿದರು. ಟಿವಿಯಲ್ಲಿ ಪಂದ್ಯ ಪ್ರಸಾರ ಆಗಬೇಕಿತ್ತು, ಲೀಗ್ ಮಣಿಯಿತು. ತಲೆಗೆ ಪೆಟ್ಟು ಬಿದ್ದ ಆಟಗಾರನನ್ನು ಪರೀಕ್ಷೆ ಮಾಡದೆ ಮತ್ತೆ ಆಡಿಸಬಾರದು ಅನ್ನೋ ಸ್ಪಷ್ಟ ನಿಯಮ ಎನ್‌ಬಿಎಯಲ್ಲಿ ಬಂದಿದ್ದು 2011ರಲ್ಲಿ. ಸ್ಟೋಕ್ಸ್ ಬಿದ್ದು ಆಗಲೇ 53 ವರ್ಷ ಕಳೆದಿತ್ತು.

ಆ ನಿಯಮದ ಹಿಂದಿರುವ ತಿಳಿವಳಿಕೆ ಯಾವ ಊರಿನ ಆಟದ ಮೈದಾನಕ್ಕೂ ಅನ್ವಯಿಸುತ್ತೆ. ಕಬಡ್ಡಿಯಾಗಲಿ, ಕ್ರಿಕೆಟ್ ಆಗಲಿ, ಬೈಕಿನಿಂದ ಬಿದ್ದದ್ದೇ ಆಗಲಿ, ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರು ಎದ್ದು ಓಡಾಡಿದ ಮಾತ್ರಕ್ಕೆ ಸರಿಹೋದರು ಅಂತ ಅಲ್ಲ. ಆಮೇಲೆ ವಾಂತಿ, ಜೋರು ತಲೆನೋವು, ಮಂಪರು, ಫಿಟ್ಸ್ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇವರು ಆಡಿದ ರಾಯಲ್ಸ್ ತಂಡವೇ ಊರು ಬದಲಿಸುತ್ತಾ ಬಂದು ಈಗ ಸ್ಯಾಕ್ರಮೆಂಟೊ ಕಿಂಗ್ಸ್ ಆಗಿದೆ. ಆ ತಂಡದಲ್ಲಿ 12 ಮತ್ತು 27ನೇ ನಂಬರಿನ ಜೆರ್ಸಿಯನ್ನು ಈಗ ಯಾರಿಗೂ ಕೊಡುವುದಿಲ್ಲ. 12 ಸ್ಟೋಕ್ಸ್ ಅವರದ್ದು, 27 ಟ್ವೈಮನ್ ಅವರದ್ದು.